ಭಾವಚಿತ್ರದಲ್ಲಿ ‘ಕಳೆ’, ‘ಖದರು’, ‘ಸಿಗುವುದು’: ತೀರ್ಪಿನ ಹಾಳೆಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಧಾರವಾಡದಲ್ಲಿ ನಾವು ಕೆಲವರು ಸೇರಿ ಒಂದು ಸಣ್ಣ ಭಾವಚಿತ್ರ ಸ್ಪರ್ಧೆ ಇಟ್ಟುಕೊಂಡಿದ್ದೇವೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಹೆಸರಾಂತ ಹಾಡುಗಾರರು, ಬರಹಗಾರರು, ನಾಟಕದವರು, ರಾಜಕಾರಣಿಗಳು, ಇವರ ಫೋಟೋಗಳು ಮಾತ್ರ. ಸ್ಟುಡಿಯೋಗಳಲ್ಲಿ ಉಳಿದ ಹಳೇ ಫೋಟೋಗಳಿಗೂ ಅವಕಾಶ ಇದೆ. ತೀರ್ಪುಗಾರರಿಗೆ ಕೊಡುವ ಹಾಳೆಯನ್ನು ಬರೆಯುವ ಕೆಲಸ ನನಗೆ ಬಂದಿದೆ. ಬೆಳಕು, ಹಿನ್ನೆಲೆ, ಚೌಕಟ್ಟು, ಫೋಕಸ್, ಇವುಗಳಿಗೆ ಪದದ ಕೊರತೆ ಏನೂ ಇಲ್ಲ. ತೊಡಕು ಇರುವುದು ಕೊನೆಯ ಸಾಲಿನಲ್ಲಿ. ಎಲ್ಲಕ್ಕಿಂತ ಜಾಸ್ತಿ ಅಂಕ ಆ ಸಾಲಿಗೇ. ಈ ಫೋಟೋದಲ್ಲಿ ಆ ವ್ಯಕ್ತಿ ನಿಜವಾಗಿ ಬಂದಿದ್ದಾರೋ ಇಲ್ಲವೋ ಎಂದು ಕೇಳುವ ಸಾಲು ಅದು. ಅದಕ್ಕೆ ಕನ್ನಡದಲ್ಲಿ ಯಾವ ಮಾತು ಸರಿ ಅನ್ನುವುದು ನನ್ನ ಪ್ರಶ್ನೆ.

‘ಭಾವಚಿತ್ರ’ ಅನ್ನುವ ಪದದಲ್ಲೇ ಉತ್ತರ ಇದೆ ಎಂದು ಒಬ್ಬರು ಹೇಳಿದರು. ಭಾವ ಇದ್ದರೆ ಗೆದ್ದಂತೆ, ಅಷ್ಟೇ ಅಲ್ವಾ ಅಂದರು. ಆದರೆ ಆ ಪದ ಈಗ ಸವೆದುಹೋಗಿದೆ. ಅರ್ಜಿ ನಮೂನೆಯಲ್ಲಿ ‘ಇತ್ತೀಚಿನ ಭಾವಚಿತ್ರ ಅಂಟಿಸಿ’ ಎಂದಿರುತ್ತದೆ. ಸಮಾರಂಭದ ಸುದ್ದಿಯಲ್ಲಿ ‘ಭಾವಚಿತ್ರಕ್ಕೆ ಮಾಲಾರ್ಪಣೆ’ ಎಂದು ಬರುತ್ತದೆ. ಎರಡೂ ಕಡೆ ಭಾವದ ಮಾತೇ ಇಲ್ಲ. ಅಷ್ಟೇ ಅಲ್ಲ, ಭಾವ ಅಂದರೆ ಯಾರ ಭಾವ? ಕೂತವರದ್ದೋ, ನೋಡುವವರದ್ದೋ?

ಇದು ಸುಮ್ನೆ ತರ್ಕಕ್ಕೆ ಕೇಳುವ ಪ್ರಶ್ನೆ ಅಲ್ಲ. ಚರ್ಚಿಲ್ ಅವರ ಆ ಪ್ರಸಿದ್ಧ ಫೋಟೋ ನಿಮಗೆ ಗೊತ್ತಿರಬಹುದು. 1941ರ ಡಿಸೆಂಬರಿನಲ್ಲಿ ಒಟ್ಟಾವದಲ್ಲಿ ಯೂಸುಫ್ ಕಾರ್ಶ್ ತೆಗೆದದ್ದು. ಚರ್ಚಿಲ್ ಆಗಷ್ಟೇ ಕೆನಡಾದ ಸಂಸತ್ತಿನಲ್ಲಿ ಭಾಷಣ ಮುಗಿಸಿ ಬಂದಿದ್ದರು. ಬಾಯಲ್ಲಿ ಚುಟ್ಟಾ ಇತ್ತು. ಕಾರ್ಶ್ ಮುಂದೆ ಹೋಗಿ ಅದನ್ನು ಬಾಯಿಂದ ಕಿತ್ತುಕೊಂಡು, ತಿರುಗಿ ಬಂದು ಕ್ಲಿಕ್ ಮಾಡಿದರು. ಹುಬ್ಬು ಗಂಟು, ಗದ್ದ ಮುಂದೆ, ಒಂದು ಕೈ ಸೊಂಟದ ಮೇಲೆ. ಜಗತ್ತು ಆ ಮುಖದಲ್ಲಿ ಹಿಟ್ಲರ್‌ಗೆ ಬಗ್ಗದ ಬ್ರಿಟನ್ನನ್ನು ಕಂಡಿತು. ಆ ಗಳಿಗೆಯ ಸಿಟ್ಟು ಮಾತ್ರ ಚುಟ್ಟಾ ಕಸಿದುಕೊಂಡದ್ದಕ್ಕೆ! ಅದಾದ ಮೇಲೆ ಅವರು ಇನ್ನೊಂದು ತೆಗೆಯಲು ಒಪ್ಪಿಕೊಂಡರು. ಅದರಲ್ಲಿ ಮುಗುಳ್ನಗೆ ಇದೆ. ಅದೇ ಕೋಣೆ, ಅದೇ ಬೆಳಕು, ಅದೇ ಮನುಷ್ಯ. ಆ ಎರಡನೆಯ ಫೋಟೋ ನೋಡಿದವರು ಎಷ್ಟು ಜನ? ಮೊದಲನೆಯದು ಮುಂದೆ ಐದು ಪೌಂಡಿನ ನೋಟಿನ ಮೇಲೂ ಬಂತು. ಹೀಗಿರುವಾಗ ‘ಭಾವ ಚೆನ್ನಾಗಿದೆಯೇ’ ಎಂದು ಹಾಳೆಯಲ್ಲಿ ಕೇಳಿದರೆ ತೀರ್ಪುಗಾರರು ಯಾವ ಭಾವಕ್ಕೆ ಅಂಕ ಕೊಡಬೇಕು?

‘ಹೋಲಿಕೆ’ ಬೇಗ ಮುಗಿಯುವ ಮಾತು. ನಮ್ಮ ಕಡೆ ‘ಥೇಟ್ ಅವರ ಹಂಗ ಐತಿ’ ಅನ್ನುತ್ತಾರೆ, ‘ಹುಬೇಹೂಬ್’ ಅನ್ನುತ್ತಾರೆ. ಗುರುತು ಸಿಗಲು ಅಷ್ಟು ಸಾಕು. ಆಧಾರ್ ಕಾರ್ಡಿನ ಫೋಟೋಗೂ ಅದೇ ಬೇಕು.

ನನಗೆ ಮೊದಲಿನಿಂದ ಇಷ್ಟವಾದದ್ದು ‘ಕಳೆ’. ‘ಮಾರಿ ಮ್ಯಾಲೆ ಏನ್ ಕಳೆ ಬಂದೈತಿ ನೋಡ’ ಅನ್ನುವಾಗ ಅದು ಅಂದ ಚಂದದ ಮಾತಲ್ಲ, ಒಳಗಿನಿಂದ ಬಂದ ಬೆಳಕಿನ ಮಾತು. ಚಂದ್ರನ ಕಳೆ ಅನ್ನುವಲ್ಲಿ ಇರುವುದೂ ಇದೇ. ಈ ಪದ ಹಾಕಿದರೆ ಮುಗಿಯಿತು ಅಂದುಕೊಂಡಿದ್ದೆ. ಆಮೇಲೆ ಜನ ಅದನ್ನು ಎಲ್ಲೆಲ್ಲಿ ಬಳಸುತ್ತಾರೆ ಎಂದು ಬರೆದು ನೋಡಿದೆ. ರಾಜಕಳೆ. ಲಕ್ಷ್ಮೀಕಳೆ. ಮದುಮಗಳ ಕಳೆ. ಹಬ್ಬದ ಕಳೆ. ಪ್ರೇತಕಳೆ. ಇವುಗಳಲ್ಲಿ ಒಂದೂ ಒಬ್ಬ ವ್ಯಕ್ತಿಯದ್ದಲ್ಲ, ಗಮನಿಸಿ. ಅರಿಸಿನ ಹಚ್ಚಿದ ಮೇಲೆ ಮದುಮಗಳ ಕಳೆ ಯಾವ ಹುಡುಗಿಗೂ ಬರುತ್ತದೆ. ಹಬ್ಬದ ಕಳೆ ಯಾವ ಮನೆಗೂ ಬರುತ್ತದೆ. ಕಳೆ ಅನ್ನುವುದು ಸ್ಥಾನದಿಂದ, ಸಂದರ್ಭದಿಂದ ಬಂದು ಮುಖದ ಮೇಲೆ ಕೂರುವಂಥದ್ದು. ಇವರು ಬೇರೆ ಯಾರೂ ಅಲ್ಲ, ಇವರೇ, ಎಂದು ಅದು ಹೇಳುವುದಿಲ್ಲ. ಮಲ್ಲಿಕಾರ್ಜುನ ಮನ್ಸೂರರ ಮುಖದಲ್ಲಿ ಕಳೆ ಇದೆ, ಬಸವರಾಜ ರಾಜಗುರು ಅವರ ಮುಖದಲ್ಲೂ ಕಳೆ ಇದೆ. ಒಳ್ಳೆಯ ಭಾವಚಿತ್ರ ಅವರಿಬ್ಬರ ನಡುವಿನ ಅಂತರ ತೋರಿಸಬೇಕು. ‘ಕಳೆ’ಗೆ ಆ ಕೆಲಸ ಗೊತ್ತಿಲ್ಲ.

ಬೆಳಗಿದ ಕಣ್ಣೇ ಕಳೆ ಎಂದು ಫೋಟೋಗ್ರಾಫರುಗಳು ಹೇಳುತ್ತಾರೆ. ಕಣ್ಣುಗುಡ್ಡೆಯಲ್ಲಿ ಒಂದು ಬಿಳಿ ಚುಕ್ಕೆ ಕಾಣಬೇಕು, ಕಿಟಕಿಯದ್ದೋ ಲೈಟಿನದ್ದೋ. ಅದಕ್ಕೆ ಅವರು ಕ್ಯಾಚ್‌ಲೈಟ್ ಅನ್ನುತ್ತಾರೆ. ಅದಿಲ್ಲದಿದ್ದರೆ ಮುಖ ಸತ್ತಂತೆ ಕಾಣುತ್ತದೆ ಅನ್ನುವುದು ಸ್ಟುಡಿಯೋದ ಪಾಠ. ಬಹಳ ಮುಖಗಳಿಗೆ ಇದು ನಿಜವೇ. ಆದರೆ ಗದಗಿನವರನ್ನು ಕೇಳಿ. ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ಎಳೆತನದಲ್ಲೇ ಕಣ್ಣು ಕಳೆದುಕೊಂಡವರು. ಅವರ ಗುರು ಪಂಚಾಕ್ಷರಿ ಗವಾಯಿಗಳಿಗೂ ದೃಷ್ಟಿ ಇರಲಿಲ್ಲ. ಆ ಭಾಗದ ಎಷ್ಟೋ ಮನೆಗಳಲ್ಲಿ, ಅಂಗಡಿಗಳಲ್ಲಿ ಪುಟ್ಟರಾಜರ ಫೋಟೋಗೆ ಕಟ್ಟು ಹಾಕಿಸಿ ಇಟ್ಟಿದ್ದಾರೆ. ಕ್ಯಾಚ್‌ಲೈಟಿನ ಲೆಕ್ಕ ಹಿಡಿದರೆ ಆ ಫೋಟೋಗಳೆಲ್ಲ ಸೋಲಬೇಕು. ಸೋತಿವೆಯೇ? ಹಾರ್ಮೋನಿಯಂ ಮೇಲೆ ಬೆರಳಿಟ್ಟು ಕೂತ ಫೋಟೋ ನೋಡಿ. ನೋಡುವವರ ಕಣ್ಣು ಮೊದಲು ಹೋಗುವುದು ಬೆರಳಿಗೆ. ಅಲ್ಲಿಂದ ಮುಖಕ್ಕೆ. ಮುಖ ಸ್ವಲ್ಪ ಓರೆಯಾಗಿ, ಏನನ್ನೋ ಆಲಿಸುವ ಹಾಗಿದ್ದರೆ ಅಲ್ಲಿಗೆ ಗವಾಯಿಗಳು ಬಂದರು. ಆದ್ದರಿಂದ ‘ಕಣ್ಣಿನಲ್ಲಿ ಜೀವ ಇದೆಯೇ’ ಎಂಬ ಸಾಲನ್ನು ಹಾಳೆಯಲ್ಲಿ ಹಾಕಲು ನಾನು ಒಪ್ಪಿಲ್ಲ. ಅದನ್ನು ಹಾಕಿದರೆ ಈ ಇಬ್ಬರಿಗೂ ನಮ್ಮ ಸ್ಪರ್ಧೆಯಲ್ಲಿ ಜಾಗವೇ ಇರುವುದಿಲ್ಲ.

ಇನ್ನು ‘ಖದರು’. ಸಾರ್ವಜನಿಕ ವ್ಯಕ್ತಿಗಳು ಅಂದಕೂಡಲೇ ಈ ಪದ ನಾಲಿಗೆಗೆ ಬರುತ್ತದೆ. ಗತ್ತು, ಠೀವಿ, ರುಬಾಬು ಎಲ್ಲ ಇದರ ನೆಂಟರು. ಚರ್ಚಿಲ್ ಫೋಟೋಗೆ ಇದು ಹೇಳಿ ಮಾಡಿಸಿದ ಪದ. ಆದರೆ ಮಾರ್ಗರೆಟ್ ಬರ್ಕ್-ವೈಟ್ 1946ರಲ್ಲಿ ತೆಗೆದ ಗಾಂಧೀಜಿ ಫೋಟೋ ತೆಗೆದುಕೊಳ್ಳಿ. ಮುಂದೆ ಚರಕ, ಅದರ ಹಿಂದೆ ಚಾಪೆಯಂಥ ಹಾಸಿನ ಮೇಲೆ ಗಾಂಧೀಜಿ. ಅವರು ನೂಲುತ್ತಿದ್ದಾರೆ ಎಂದು ಬಹಳ ಜನ ನೆನಪಿನಿಂದ ಹೇಳುತ್ತಾರೆ. ಅವರು ನೂಲುತ್ತಿಲ್ಲ, ತಲೆ ತಗ್ಗಿಸಿ ಓದುತ್ತಿದ್ದಾರೆ. ನಮ್ಮನ್ನು ನೋಡುತ್ತಲೂ ಇಲ್ಲ. ಖದರು ಎಂಬುದು ಆ ಚಿತ್ರದಲ್ಲಿ ಎಳ್ಳಷ್ಟೂ ಇಲ್ಲ. ಆದರೂ ಅವರ ಅಷ್ಟು ಫೋಟೋಗಳ ನಡುವೆ ಅದು ಎದ್ದು ನಿಲ್ಲುತ್ತದೆ. (ಅದನ್ನು ತೆಗೆಯುವ ಮುಂಚೆ ಚರಕ ತಿರುಗಿಸುವುದನ್ನು ಕಲಿತು ಬಾ ಎಂದು ಗಾಂಧೀಜಿ ಕಡೆಯವರು ಆಕೆಗೆ ಹೇಳಿದ್ದರು. ನಮ್ಮ ಫೋಟೋಗ್ರಾಫರುಗಳಿಗೂ ಇದು ತಿಳಿದಿರಲಿ ಎಂದು ನನಗೆ ತುಂಬಾ ಆಸೆ. ಹಾಡುಗಾರರ ಫೋಟೋ ತೆಗೆಯುವವರು ತಾನ್, ಅಂದರೆ ಸ್ವರಗಳ ವೇಗದ ಓಟ, ಯಾವಾಗ ಮುಗಿಯುತ್ತದೆ ಅನ್ನುವಷ್ಟಾದರೂ ಕಿವಿ ಬೆಳೆಸಿಕೊಳ್ಳಬೇಕು.)

ಹಾಗಾದರೆ ಉಳಿದದ್ದು ಏನು? ಇಲ್ಲಿನ ಹಿರಿಯರ ಬಾಯಲ್ಲಿ ಒಂದು ಮಾತು ಕೇಳುತ್ತೇನೆ. ಒಳ್ಳೆಯ ಫೋಟೋ ಕೈಗೆ ಕೊಟ್ಟರೆ ‘ಛಲೋ ಬಂದೈತಿ’ ಅನ್ನುತ್ತಾರೆ. ಅದು ಎಲ್ಲ ಫೋಟೋಗೂ ಹೇಳುವ ಮಾತು. ಆದರೆ ಅಪರೂಪಕ್ಕೆ ಒಂದು ಫೋಟೋ ನೋಡಿ ‘ಇದರಾಗ ಸಿಕ್ಕಾರ ನೋಡ್ರಿ’ ಅನ್ನುತ್ತಾರೆ. ಯಾರು ಸಿಕ್ಕರು, ಯಾರಿಗೆ ಸಿಕ್ಕರು ಎಂದು ಬಿಡಿಸಿ ಹೇಳುವುದಿಲ್ಲ. ಹೇಳುವ ಅಗತ್ಯವೂ ಇರುವುದಿಲ್ಲ. ಸಂಗೀತದವರು ‘ಇವತ್ತ ಸ್ವರ ಹತ್ತಿತು’ ಅಂದ ಹಾಗೆ, ಇದು ಗುಣದ ಹೆಸರಲ್ಲ, ನಡೆದ ಸಂಗತಿಯ ಹೆಸರು. ನಾವು ಇಷ್ಟು ಹೊತ್ತು ಹೆಸರುಪದ ಹುಡುಕುತ್ತಿದ್ದೆವು, ಜನ ಕ್ರಿಯಾಪದ ಇಟ್ಟುಕೊಂಡಿದ್ದಾರೆ ಅಂತ ನನಗೆ ಅನ್ನಿಸುತ್ತದೆ.

ಈ ಮಾತನ್ನು ಕಷ್ಟದ ಫೋಟೋಗಳ ಮೇಲೆ ಇಟ್ಟು ನೋಡಿ. ಭೀಮಸೇನ ಜೋಶಿಯವರ ಕಛೇರಿ ಫೋಟೋ. ತಾನಿನ ನಡುವೆ ಬಾಯಿ ಒಂದು ಕಡೆ, ಕಣ್ಣು ಮುಚ್ಚಿದೆ, ಕೈ ಮೇಲೆ ಹೋಗಿ ಏನನ್ನೋ ಎಳೆಯುತ್ತಿದೆ. ಮನೆಯಲ್ಲಿ ಕೂತ ಜೋಶಿಯವರಿಗೆ ಆ ಮುಖದ ಹೋಲಿಕೆ ಇಲ್ಲ. ಕಳೆ ಅನ್ನಲೂ ಆಗದು. ಆದರೆ ಒಮ್ಮೆ ಅವರ ಹಾಡು ಕೇಳಿದವರಿಗೆ ಅವರು ಅಲ್ಲಿ ಪೂರ್ತಿ ಸಿಗುತ್ತಾರೆ. ಗವಾಯಿಗಳು ಬೆರಳಿನಲ್ಲಿ ಸಿಗುತ್ತಾರೆ. ಆರ್ನಾಲ್ಡ್ ನ್ಯೂಮನ್ 1946ರಲ್ಲಿ ತೆಗೆದ ಸಂಗೀತಗಾರ ಸ್ಟ್ರಾವಿನ್‌ಸ್ಕಿ ಫೋಟೋದಲ್ಲಿ ಪಿಯಾನೋದ ದೊಡ್ಡ ಕಪ್ಪು ಮುಚ್ಚಳವೇ ಚೌಕಟ್ಟು ತುಂಬಿಕೊಂಡಿದೆ. ಅವರು ಕೆಳಗೆ ಎಡಮೂಲೆಯಲ್ಲಿ ಕೈಗೆ ತಲೆ ಆನಿಸಿ ಕೂತಿದ್ದಾರೆ. ಮುಖ ದೊಡ್ಡದಾಗಿ ಕಾಣಬೇಕು ಅನ್ನುವ ನಿಯಮವೇ ಅಲ್ಲಿ ಬಿದ್ದುಹೋಯಿತು. ಆದರೂ ಸಿಕ್ಕಿದ್ದಾರೆ.

ಇದಕ್ಕೆ ತದ್ವಿರುದ್ಧವಾದದ್ದನ್ನು ನೋಡಬೇಕಾದರೆ ಹುಬ್ಬಳ್ಳಿಯ ಚನ್ನಮ್ಮ ಸರ್ಕಲ್ ಕಡೆ ಬನ್ನಿ. ಹುಟ್ಟುಹಬ್ಬದ ಫ್ಲೆಕ್ಸುಗಳಲ್ಲಿ ನಾಯಕರ ಮುಖ ಗುರುತಾಗುತ್ತದೆ, ಚರ್ಮ ಬೆಳ್ಳಗೆ ಹೊಳೆಯುತ್ತದೆ, ಕೈ ಮುಗಿದ ಗತ್ತೂ ಇರುತ್ತದೆ. ಹತ್ತಿರ ಹೋಗಿ ಕತ್ತಿನ ಹತ್ತಿರ ನೋಡಿ. ಮೂಗಿನ ನೆರಳು ಬಲಕ್ಕೆ ಬಿದ್ದಿದೆ, ಕಾಲರಿನ ನೆರಳು ಎಡಕ್ಕೆ. ತಲೆ ಒಂದು ಫೋಟೋದ್ದು, ಮೈ ಇನ್ನೊಂದರದ್ದು. ಹಿಂದಿನ ಕಾಲದ ಟಚಿಂಗಿನವರು ಸೀಸದ ಪೆನ್ಸಿಲ್ ಹಿಡಿದು ನೆಗೆಟಿವ್ ಮೇಲೆ ಕೆಲಸ ಮಾಡುತ್ತಿದ್ದರು. ಮೊಡವೆ ಗುರುತು ತೆಗೆಯುತ್ತಿದ್ದರು, ಮುಖದ ಗೆರೆ ಬಿಡುತ್ತಿದ್ದರು. ಈಗ ಗೆರೆಯೇ ಮೊದಲು ಹೋಗುತ್ತದೆ. ಮನುಷ್ಯ ಸಿಗುವುದು ಆ ಗೆರೆಗಳಲ್ಲೇ ಎಂದು ನನ್ನ ಗಟ್ಟಿ ನಂಬಿಕೆ. ಹೋಲಿಕೆ, ಕಳೆ, ಖದರು ಮೂರಕ್ಕೂ ಪೂರ್ತಿ ಅಂಕ ತೆಗೆದುಕೊಂಡು ಒಂದು ಫೋಟೋ ಸೋಲಬಹುದು ಅನ್ನುವುದಕ್ಕೆ ಆ ಫ್ಲೆಕ್ಸುಗಳೇ ಸಾಕ್ಷಿ.

ಆದರೆ ‘ಸಿಗು’ ಎಂದು ಬರೆಯುವ ಮುಂಚೆ ಬಗೆಹರಿಯಬೇಕಾದವು ಕೆಲವು ಇವೆ. ನಿಮ್ಮ ನೆರವು ಬೇಕಿರುವುದು ಇಲ್ಲೇ.

ಮೊದಲನೆಯದು, ‘ಸಿಗು’ ಪಕ್ಕದಲ್ಲೇ ‘ಸಿಕ್ಕಿಬೀಳು’ ಇದೆ. ವೇದಿಕೆಯ ಮೇಲೆ ತೂಕಡಿಸುವ ಮಂತ್ರಿ ಕ್ಯಾಮೆರಾಕ್ಕೆ ಸಿಕ್ಕಿಬೀಳುತ್ತಾರೆ, ಸಿಗುವುದಿಲ್ಲ. ಅದು ಸುದ್ದಿಚಿತ್ರ, ಭಾವಚಿತ್ರ ಅಲ್ಲ ಎಂದು ನಾನು ಹಾಳೆಯಲ್ಲಿ ಬರೆಯಬಲ್ಲೆ. ಆದರೆ ಗೆರೆ ಎಲ್ಲ ಕಡೆ ಇಷ್ಟು ಸ್ಪಷ್ಟ ಇಲ್ಲ. ಹೋಮಾಯ್ ವ್ಯಾರಾವಾಲಾ ತೆಗೆದ ನೆಹರೂ ಫೋಟೋ ಒಂದಿದೆ. ಬಾಯಲ್ಲಿ ಸಿಗರೇಟು, ಕೈ ಚಾಚಿ ಬ್ರಿಟಿಷ್ ಅಧಿಕಾರಿಯೊಬ್ಬರ ಹೆಂಡತಿಯ ಸಿಗರೇಟು ಹಚ್ಚುತ್ತಿದ್ದಾರೆ. ಪ್ರಧಾನಿ ಸಿಕ್ಕಿಬಿದ್ದರು ಎಂದು ಅಂದವರು ಇರಬಹುದು. ನನಗೆ ಮಾತ್ರ ಅದರಲ್ಲಿ ನೆಹರೂ ಸಿಕ್ಕಿದ್ದಾರೆ. ತೀರ್ಪುಗಾರರಿಗೆ ಈ ವ್ಯತ್ಯಾಸವನ್ನು ಒಂದೇ ಸಾಲಿನಲ್ಲಿ ಹೇಳುವುದು ಹೇಗೆ?

ಇನ್ನೊಂದು ತಕರಾರು ನಮ್ಮ ಗುಂಪಿನೊಳಗಿನಿಂದಲೇ ಬಂದಿದೆ. ಮೊದಲೇ ಬಲ್ಲವರಿಗೆ ಮಾತ್ರ ಅಲ್ವಾ ಒಬ್ಬರು ಸಿಗುವುದು? ಗಂಗೂಬಾಯಿ ಹಾನಗಲ್ಲರ ಆ ದಪ್ಪ, ಗಂಭೀರ ದನಿ ಕೇಳದ ಹೊರ ಊರಿನ ತೀರ್ಪುಗಾರರಿಗೆ ಅವರು ಫೋಟೋದಲ್ಲಿ ಹೇಗೆ ಸಿಕ್ಕಾರು? ನನ್ನ ಉತ್ತರ ಇದು. ಕನ್ನಡದಲ್ಲಿ ಕಳೆದದ್ದೂ ಸಿಗುತ್ತದೆ, ಹೊಸಬರೂ ಸಿಗುತ್ತಾರೆ. ‘ಬಸ್ ಸ್ಟ್ಯಾಂಡಿನಾಗ ಒಬ್ಬರು ಸಿಕ್ಕಿದ್ದರು’ ಅನ್ನುವಾಗ ಮುಂಚೆ ಪರಿಚಯ ಇರಲೇಬೇಕು ಎಂದೇನೂ ಇಲ್ಲ. ಗಂಗೂಬಾಯಿಯವರನ್ನು ಬಲ್ಲವರಿಗೆ ಫೋಟೋದಲ್ಲಿ ಅವರು ಮತ್ತೆ ಸಿಗಲಿ, ಅರಿಯದವರಿಗೆ ಮೊದಲ ಸಲ ಸಿಗಲಿ. ಎರಡೂ ಕೆಲಸಕ್ಕೆ ಒಂದೇ ಪದ ಇರುವುದು ನಮಗೆ ಅನುಕೂಲವೇ ಅಂತ ನನ್ನ ವಾದ. ಇದನ್ನು ಒಪ್ಪದವರು ಕಾರಣ ಸಮೇತ ಬರೆಯಿರಿ.

ಮೂರನೆಯದು ಬಳಕೆಯ ಪ್ರಶ್ನೆ. ‘ಫೋಟೋದಾಗ ಸಿಕ್ಕಾರ’ ಅನ್ನುವುದು ಧಾರವಾಡ, ಹುಬ್ಬಳ್ಳಿಯ ಮಾತು ಮಾತ್ರವೋ, ಹಾವೇರಿ, ರಾಣೆಬೆನ್ನೂರು ಕಡೆಯೂ ಉಂಟೋ? ಮೈಸೂರು, ಮಂಗಳೂರಿನವರಿಗೆ ‘ಈ ಫೋಟೋದಲ್ಲಿ ಅವರು ಸಿಕ್ಕಿದ್ದಾರೆ’ ಎಂದರೆ ಥಟ್ಟನೆ ಅರ್ಥ ಆಗುತ್ತದೆಯೋ, ಅಥವಾ ‘ಹುಡುಕಿದಾಗ ಆ ಫೋಟೋದಲ್ಲಿ ಅವರೂ ಇದ್ದರು’ ಅನ್ನುವ ಅರ್ಥ ಬರುತ್ತದೆಯೋ? ಎರಡನೆಯದಾದರೆ ಹಾಳೆಯಲ್ಲಿ ‘ನಿಮಗೆ’ ಸೇರಿಸಿ ‘ಇದರಲ್ಲಿ ಅವರು ನಿಮಗೆ ಸಿಕ್ಕರೇ?’ ಎಂದು ಕೇಳಬೇಕೆಂದಿದ್ದೇನೆ. ತೀರ್ಪುಗಾರರಲ್ಲಿ ಇಬ್ಬರು ದಕ್ಷಿಣದ ಕಡೆಯವರು. ಆದ್ದರಿಂದ ಆ ಭಾಗದವರ ಉತ್ತರ ಬಂದ ಮೇಲೆಯೇ ಹಾಳೆಯನ್ನು ಅಚ್ಚಿಗೆ ಕೊಡುತ್ತೇನೆ.