ಕಳಚು, ಬಿಡಿಸು, ಕೂರಿಸು: ಕ್ಯಾರವಾನ್ ಮೋಟಾರಿಗೆ ಯಾವುದು ಸರಿ?

ಬಲ್ಲವರಿಗೆ ನಮಸ್ಕಾರ.

ಕಾರಿನ ಹಿಂದೆ ಕಟ್ಟಿ ಎಳೆಯುವ ಕ್ಯಾರವಾನಿನ ಬಗ್ಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಸಿನಿಮಾ ನಟರು ವಿಶ್ರಮಿಸುವ ವಾಹನವಲ್ಲ, ಎಂಜಿನ್ನೇ ಇಲ್ಲದ ಗಾಲಿಮನೆ. ಹಳೆಯದನ್ನು ಮಾರಿ ಬೇರೊಂದನ್ನು ಕೊಳ್ಳುವವರು ಅದರ ಮೋಟಾರ್ ಮೂವರನ್ನು (ಕಾರಿಲ್ಲದೆಯೇ ಕ್ಯಾರವಾನನ್ನು ಅತ್ತಿತ್ತ ಸರಿಸುವ ಸಲಕರಣೆ) ತೆಗೆದು ಹೊಸದಕ್ಕೆ ಹಾಕುವುದು ಹೇಗೆ ಎಂಬುದು ವಿಷಯ. ಕೆಲಸದ ವಿವರವೆಲ್ಲ ಬರೆದಾಗಿದೆ, ಕ್ರಿಯಾಪದಗಳು ಮಾತ್ರ ಜಗಳಕ್ಕೆ ನಿಂತಿವೆ.

ಮೊದಲು ಹೆಸರು. ‘ಮೂವರ್’ ಎಂದು ಬರೆದರೆ ಹಳಗನ್ನಡ ಓದಿದವರಿಗೆ ಮೂರು ಜನ ಕಾಣುತ್ತಾರೆ. ‘ಮೂವರನ್ನು ಕಳಚಲು ಇಬ್ಬರು ಬೇಕು’ ಎಂಬ ನನ್ನದೇ ವಾಕ್ಯ ಓದಿ ನಾನೇ ನಕ್ಕೆ. ‘ತಳ್ಳುಯಂತ್ರ’ ಎನ್ನೋಣವೆಂದರೆ ಅದು ತಳ್ಳುವುದಿಲ್ಲ. ಚಾಸಿಗೆ, ಅಂದರೆ ಕ್ಯಾರವಾನಿನ ತಳದ ಚೌಕಟ್ಟಿಗೆ, ಬಿಗಿದ ಎರಡು ಮೋಟಾರುಗಳ ಉರುಳೆಗಳು ಟೈರುಗಳಿಗೆ ಒತ್ತಿಕೊಂಡು ಗಾಲಿಯನ್ನೇ ತಿರುಗಿಸುತ್ತವೆ. ಶಕ್ತಿ 12 ವೋಲ್ಟ್ ಬ್ಯಾಟರಿಯದು, ಅಪ್ಪಣೆ ರಿಮೋಟಿನದು. ಒಂದು ಗಾಲಿ ಮುಂದಕ್ಕೂ ಇನ್ನೊಂದು ಹಿಂದಕ್ಕೂ ತಿರುಗಿದರೆ ಕ್ಯಾರವಾನ್ ನಿಂತಲ್ಲೇ ಸುತ್ತುತ್ತದೆ. ಸದ್ಯಕ್ಕೆ ‘ಗಾಲಿಮೋಟಾರು’ ಎಂದಿಟ್ಟಿದ್ದೇನೆ.

ನಿಜವಾದ ತೊಡಕು ಇಲ್ಲಿದೆ. ಈ ಸಲಕರಣೆಯಲ್ಲಿ ‘ಬೇರೆಮಾಡುವುದು’ ಎರಡು ಬಗೆ. ಕಾರಿಗೆ ಕಟ್ಟಿ ಹೊರಡುವ ಮುನ್ನ ಪ್ರತಿ ಸಲವೂ ಉರುಳೆಯನ್ನು ಟೈರಿನಿಂದ ಹಿಂದಕ್ಕೆ ಸರಿಸಬೇಕು. ಕ್ಯಾರವಾನ್ ಬದಲಿಸುವಾಗ ಮಾತ್ರ ಇಡೀ ಸಲಕರಣೆಯನ್ನು ಚಾಸಿಯಿಂದ ತೆಗೆಯಬೇಕು. ಕರಡಿನಲ್ಲಿ ಎರಡಕ್ಕೂ ‘ಬಿಡಿಸಿ’ ಎಂದಿದ್ದೆ. ಓದಿದ ಗೆಳೆಯರೊಬ್ಬರು, ‘ಪ್ರತಿ ಪ್ರಯಾಣಕ್ಕೂ ಸ್ಪ್ಯಾನರ್ ಹಿಡಿದು ಕೆಳಗೆ ತೂರಬೇಕೆ?’ ಎಂದು ಕೇಳಿದರು. ತಪ್ಪು ನನ್ನದೇ.

ಹಾಗಾಗಿ ಉರುಳೆಗೆ ‘ತಾಗಿಸು’ ಮತ್ತು ‘ಸರಿಸು’, ಇಡೀ ಸಲಕರಣೆಗೆ ‘ಕಳಚು’ ಮತ್ತು ‘ಕೂರಿಸು’ ಎಂದು ಪಾಲು ಮಾಡಿದ್ದೇನೆ. ‘ಬಿಚ್ಚು’ ಎಂದರೆ ಮೋಟಾರಿನ ಒಡಲನ್ನೇ ತೆರೆದು ಬಿಡಿಭಾಗ ಹರಡಿದಂತೆ ಕೇಳುತ್ತದೆ. ‘ತೆಗೆದುಹಾಕು’ ಎಂದರೆ ಎಸೆದುಬಿಡು ಎಂಬ ಧ್ವನಿ. ಇಲ್ಲಿ ಮತ್ತೆ ಬಳಸುವುದಕ್ಕಾಗಿಯೇ ತೆಗೆಯುತ್ತಿದ್ದೇವೆ. ‘ಕಳಚು’ ಎಂಬುದರಲ್ಲಿ ಬಳೆಯನ್ನೋ ಪದಕವನ್ನೋ ಕಳಚಿಟ್ಟಂತೆ, ವಸ್ತು ಇಡಿಯಾಗಿ ಉಳಿಯುವ ಭಾವವಿದೆ. ಆದರೆ ತಾನಾಗಿಯೇ ಕಳಚಿಕೊಂಡು ಬೀಳುವುದಕ್ಕೂ ಅದೇ ಪದ ಎಂಬ ಆಕ್ಷೇಪ ಬಂದಿದೆ. ಸುಮಾರು 30 ಕಿಲೋ ತೂಕದ ವಸ್ತುವಿನ ಕೆಳಗೆ ಮಲಗಿದವನಿಗೆ ಆ ಅರ್ಥ ಹಿತವಾಗಲಾರದು!

‘ಕೂರಿಸು’ ನನಗೆ ಅಚ್ಚುಮೆಚ್ಚು. ಉಂಗುರದಲ್ಲಿ ಕಲ್ಲು ಕೂರಿಸುವಂತೆ, ಇದರಲ್ಲಿ ಅಳತೆ ಹೊಂದಬೇಕೆಂಬ ಎಚ್ಚರವಿದೆ. ಇಲ್ಲಿ ಅದೇ ಮುಖ್ಯ. ಹೊಸ ಕ್ಯಾರವಾನಿನ ಚಾಸಿಯ ಆಕಾರ, ದಪ್ಪ, ಎತ್ತರ, ಟೈರಿನ ಅಳತೆ ಯಾವುದೂ ಹಳೆಯದರಂತೆ ಇರಬೇಕೆಂದಿಲ್ಲ. ಸ್ಟೆಪ್ನಿಯ ಚೌಕಟ್ಟು ಅಡ್ಡ ಬರಬಹುದು. ಹೊಂದದಿದ್ದರೆ ನಡುವೆ ಹೊಂದಿಸುವ ತುಂಡು (ಅಡಾಪ್ಟರ್) ಬೇಕಾಗುತ್ತದೆ. ರಂಧ್ರ ಕೊರೆದೋ ಬೆಸುಗೆ ಹಾಕಿಯೋ ಹೊಂದಿಸುವಂತಿಲ್ಲ, ಚಾಸಿ ತಯಾರಿಸುವ ಆಲ್ಕೋ ಕಂಪನಿ ತನ್ನ ಚಾಸಿಗೆ ಎರಡನ್ನೂ ನಿಷೇಧಿಸಿದೆ. ಅದಕ್ಕೇ ಕ್ಲಾಂಪಿನಲ್ಲಿ ಬಿಗಿಯುವ ವ್ಯವಸ್ಥೆ. ‘ಮರುಸ್ಥಾಪಿಸು’ ಎಂದು ತಿದ್ದಿದವರಿದ್ದಾರೆ. ಅದು ವಿಗ್ರಹಕ್ಕೂ ಮೊಬೈಲ್ ಆ್ಯಪಿಗೂ ಇರಲಿ.

ಎಡ–ಬಲ ಇನ್ನೊಂದು ಕಿರಿಕಿರಿ. ತಂತಿ ಕಳಚುವ ಮೊದಲೇ ‘ಎಡ’, ‘ಬಲ’ ಎಂದು ಚೀಟಿ ಅಂಟಿಸಿ ಎಂದು ಬರೆದಿದ್ದೇನೆ. ಯಾರ ಎಡ? ಮುಂದೆ ನಿಂತು ನೋಡುವವನದೋ, ಕ್ಯಾರವಾನಿನದೋ? ಅದರ ಮೇಲೆ, ಗಾಲಿಗಳ ಅಚ್ಚಿನ ಮುಂದಿದ್ದ ಮೋಟಾರನ್ನು ಜಾಗವಿಲ್ಲದೆ ಹಿಂದೆ ಕೂರಿಸಿದರೆ ಅದರ ಮುಖವೇ ತಿರುಗುತ್ತದೆ, ತಂತಿಜೋಡಣೆಯನ್ನೂ ತಯಾರಕರು ಹೇಳಿದಂತೆ ಬದಲಿಸಬೇಕು. ‘ಪ್ರಯಾಣದ ದಿಕ್ಕಿಗೆ ಮುಖಮಾಡಿ ನಿಂತಾಗ ಎಡಗೈ ಬದಿ’ ಎಂದು ಉದ್ದಕ್ಕೆ ಬರೆಯದೆ ಚಿಕ್ಕದಾಗಿ ಹೇಳುವ ಪದ ಉಂಟೇ?

ಕೊನೆಯದಾಗಿ, ಸರಿಸಿದ ಉರುಳೆಗೂ ಟೈರಿಗೂ ನಡುವೆ ಹಲವು ಮಾದರಿಗಳಲ್ಲಿ 20 ಮಿಲಿಮೀಟರ್ ಅಂತರ ಇಡಬೇಕು. ‘ಸಂದು’ ಎಂದರೆ ಕೀಲು, ಜೋಡಣೆ ಎಂಬ ಅರ್ಥವೂ ಇದೆಯಲ್ಲ ಎಂದು ಅಳುಕಿ ‘ತೆರಪು’ ಎಂದು ಬರೆದೆ. ರಿಪೇರಿ ಕೆಲಸ ಮಾಡುವವರ ಬಾಯಲ್ಲಿ ‘ತೆರಪು’ ಈ ಅರ್ಥದಲ್ಲಿ ಕೇಳಿದವರು ಇದ್ದೀರಾ?