ಸಹಾಯ ಬೇಕು: ಬೈಂದೂರು–ಹೊನ್ನಾವರ ನಡುವೆ ಹಳ್ಳಿ ಮನೆ

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯವರು. ನಾನು, ಹೆಂಡತಿ, ಅಮ್ಮ ಮೂವರೂ ಕರಾವಳಿಯ ಯಾವುದಾದರೂ ಹಳ್ಳಿಗೆ ಬಂದು ನೆಲೆಸುವ ಯೋಚನೆಯಲ್ಲಿದ್ದೇವೆ. ಜುಲೈನಲ್ಲಿ ಮತ್ತೊಮ್ಮೆ ಊರು ನೋಡಲು ಬರುತ್ತೇವೆ. ಜನವರಿಯಲ್ಲಿ ಎಲ್ಲಾ ಊರೂ ಚೆಂದವೇ, ಅಲ್ವಾ? ಗದ್ದೆ ನೀರು ಅಂಗಳಕ್ಕೆ ನುಗ್ಗುತ್ತದಾ, ಕರೆಂಟ್ ಹೋದರೆ ಯಾವಾಗ ಬರುತ್ತದೆ ಅನ್ನೋದು ಮಳೆಯಲ್ಲೇ ಗೊತ್ತಾಗಬೇಕು.

ಬಾವಿಯದ್ದೇ ದೊಡ್ಡ ಚಿಂತೆ. ಶರಾವತಿ ಅಳಿವೆಯ ಹತ್ತಿರ ಒಂದು ಹೆಂಚಿನ ಮನೆ ತುಂಬಾ ಇಷ್ಟವಾಗಿತ್ತು. ಕೆಂಪು ಕಲ್ಲಿನ ಗೋಡೆ, ಹಿತ್ತಿಲಲ್ಲಿ ತೆಂಗು. ಆದರೆ ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುತ್ತದೆ ಅಂತ ಪಕ್ಕದ ಮನೆಯ ಅಕ್ಕ ಹೇಳಿದರು. ಮನೆ ತೋರಿಸಿದವರು ಆ ಮಾತೇ ಎತ್ತಿರಲಿಲ್ಲ! ಹೊಳೆಯಿಂದ ಎಷ್ಟು ಒಳಗೆ ಹೋದರೆ ಏಪ್ರಿಲ್, ಮೇ ತಿಂಗಳಲ್ಲೂ ಸಿಹಿನೀರು ಸಿಗುತ್ತದೆ?

ಇನ್ನೊಂದು ವಿಷಯ. ಬೈಂದೂರು ಕಡೆ ಜಾಗ ತೋರಿಸುವವರು ಕುಮ್ಕಿಯನ್ನೂ (ಪಟ್ಟಾ ಜಾಗಕ್ಕೆ ತಾಗಿ ಇರುವ, ಅದರ ಮಾಲೀಕರು ಸೊಪ್ಪು-ಸೌದೆಗೆ ಬಳಸುವ ಜಾಗ) ಸೇರಿಸಿ ಎಕರೆ ಲೆಕ್ಕ ಹೇಳುತ್ತಾರೆ. ಅದು ಸರ್ಕಾರಿ ಜಾಗ, ಪಟ್ಟಾ ಅಲ್ಲ ಅಂತ ಗೊತ್ತು. ಪಹಣಿ ಜೊತೆ ಇನ್ನೇನೇನು ನೋಡಬೇಕು?

ಮೊದಲ ಒಂದು ವರ್ಷ ಬಾಡಿಗೆಗೇ ಇರುತ್ತೇವೆ, ಸುಮ್ನೆ ಅವಸರ ಬೇಡ ಅಂತ. ಅಮ್ಮನಿಗೆ ಮಂಡಿನೋವು, ಬಸ್ಸು ಬರುವ ರಸ್ತೆ ಹತ್ತಿರವಿರಬೇಕು. ಅಂಥ ಮನೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ.