ಎರಡು ಹೆಸರಿನ ಊರು: ನಮ್ಮ ಮನೆಯ ಗುಂಪಿನಲ್ಲಿ

ಅಕ್ಕ: (ಚಿತ್ರ) ಇಟಲಿಯ ಬೊಲ್ಜಾನೊದಲ್ಲಿದ್ದೇನೆ. ಫಲಕ ನೋಡಿ, ಮೇಲೆ ಇಟಾಲಿಯನ್, ಕೆಳಗೆ ಜರ್ಮನ್. ಇಲ್ಲಿನ ಜರ್ಮನ್ ಭಾಷಿಕರ ನಾಯಕ ಸಿಲ್ವಿಯಸ್ ಮಗ್ನಾಗೊ ಸಾಧಿಸಿದ್ದಂತೆ.

ದೊಡ್ಡಪ್ಪ: ಫಲಕದ ಪುಣ್ಯವನ್ನು ಅವರಿಗೆ ಕಟ್ಟಬೇಡ. ಮೊದಲ ಮಹಾಯುದ್ಧದ ನಂತರ ಆಸ್ಟ್ರಿಯಾದಿಂದ ಇಟಲಿಗೆ ಸೇರಿದ ನಾಡು ಅದು. ಎರಡು ಭಾಷೆಯ ಊರಹೆಸರು ಆ ಎರಡು ದೇಶಗಳ 1946ರ ಪ್ಯಾರಿಸ್ ಒಪ್ಪಂದದಲ್ಲಿಯೇ ಇತ್ತು. ಕಾಗದದ ಮಾತನ್ನು ಅಧಿಕಾರವಾಗಿ ಕೈಗೆ ತಂದುಕೊಟ್ಟವರು ಮಗ್ನಾಗೊ. ಯುದ್ಧದಲ್ಲಿ ಒಂದು ಕಾಲು ಕಳೆದುಕೊಂಡವರು. 1957ರಲ್ಲಿ ಸಿಗ್ಮುಂಡ್ಸ್‌ಕ್ರೋನ್ ಕೋಟೆಯಲ್ಲಿ ಸುಮಾರು 35,000 ಜನರ ಮುಂದೆ ನಿಂತು ಟ್ರೆಂಟೊದ ಹಿಡಿತದಿಂದ ಬಿಡುಗಡೆ ಕೇಳಿದರು. ಅಷ್ಟು ಸಿಟ್ಟೆದ್ದ ಜನರನ್ನು ಶಾಂತವಾಗಿ ಮನೆಗೆ ಕಳುಹಿಸಿದರಲ್ಲ, ಅದು ದೊಡ್ಡದು.

ನಾನು: ಟ್ರೆಂಟೊ ಏಕೆ ದೊಡ್ಡಪ್ಪ? ರೋಮ್ ಅಲ್ಲವೇ?

ದೊಡ್ಡಪ್ಪ: ಜರ್ಮನ್ ಭಾಷಿಕರು ಹೆಚ್ಚಿದ್ದ ಬೊಲ್ಜಾನೊ, ಇಟಾಲಿಯನ್ನರ ಟ್ರೆಂಟೊ, ಈ ಎರಡು ಪ್ರಾಂತ್ಯಗಳನ್ನು ಒಂದೇ ಪ್ರದೇಶವಾಗಿ ಹೊಲಿದುಬಿಟ್ಟಿದ್ದರು. ಒಟ್ಟು ಲೆಕ್ಕದಲ್ಲಿ ಇಟಾಲಿಯನ್ನರೇ ಹೆಚ್ಚು. ಸ್ವಾಯತ್ತತೆ ಕೊಟ್ಟ ಹಾಗೂ ಆಯಿತು, ಕೊಡದ ಹಾಗೂ ಆಯಿತು!

ಚಿಕ್ಕಪ್ಪ: 1961ರಲ್ಲಿ ಒಂದೇ ರಾತ್ರಿ ಹತ್ತಾರು ವಿದ್ಯುತ್ ಕಂಬಗಳನ್ನು ಸಿಡಿಸಿದ್ದೂ ಅಲ್ಲಿಯೇ. ಅದನ್ನೂ ಬರೆಯಿರಿ ಅಣ್ಣ.

ದೊಡ್ಡಪ್ಪ: ಸಿಡಿಸಿದವರು ಮಗ್ನಾಗೊ ಅಲ್ಲ. ಇವರು ರಾಜಿಯ ಮನುಷ್ಯ. 1969ರ ಮೆರಾನೊ ಸಮಾವೇಶದಲ್ಲಿ ರೋಮ್ ಜೊತೆಗಿನ ರಾಜಿಗೆ ಸ್ವಂತ ಪಕ್ಷದವರನ್ನು ಒಪ್ಪಿಸುವಷ್ಟರಲ್ಲಿ ಮಧ್ಯರಾತ್ರಿ ದಾಟಿತ್ತು. ಸಿಕ್ಕಿದ್ದು ಶೇ 53ರಷ್ಟು ಮತ. 1972ರಲ್ಲಿ ಹೊಸ ಸ್ವಾಯತ್ತತಾ ಶಾಸನ ಬಂತು.

ಅಕ್ಕ: ಅದರ ಇನ್ನೊಂದು ಮುಖವನ್ನು ನೀವು ಹೇಳಲಿಲ್ಲ. ಸರ್ಕಾರಿ ಕೆಲಸಗಳನ್ನು ಭಾಷಿಕರ ಸಂಖ್ಯೆಗೆ ತಕ್ಕಂತೆ ಹಂಚಿದರು. ಅದಕ್ಕಾಗಿ ಜರ್ಮನ್, ಇಟಾಲಿಯನ್, ಲಾದಿನ್ (ಅಲ್ಲಿನ ಬೆಟ್ಟದ ಕಣಿವೆಗಳ ಸಣ್ಣ ಭಾಷೆ) ಮೂರರಲ್ಲಿ ಒಂದು ಗುಂಪಿಗೆ ಸೇರಿದವರೆಂದು ಜನಗಣತಿಯಲ್ಲಿ ಬರೆದುಕೊಡಬೇಕಿತ್ತು. ಅಲ್ಲಿಯದೇ ರಾಜಕಾರಣಿ ಅಲೆಕ್ಸಾಂಡರ್ ಲಾಂಗರ್ ಬರೆದುಕೊಡುವುದಿಲ್ಲ ಎಂದರು. ಯುರೋಪಿನ ಸಂಸತ್ತಿನ ಸದಸ್ಯರಾಗಿದ್ದರೂ 1995ರಲ್ಲಿ ಬೊಲ್ಜಾನೊದ ಮೇಯರ್ ಚುನಾವಣೆಗೆ ಅವರನ್ನು ನಿಲ್ಲಗೊಡಲಿಲ್ಲ.

ದೊಡ್ಡಪ್ಪ: ಮುಸೊಲಿನಿಯ ಕಾಲದಲ್ಲಿ ಜರ್ಮನ್ ಶಾಲೆಗಳನ್ನೇ ಮುಚ್ಚಿಸಿದ್ದರು. ಕಚೇರಿಗೆ ಹೋದರೆ ತನ್ನ ಭಾಷೆಯವನೊಬ್ಬ ಸಿಗದ ಊರಿನಲ್ಲಿ ಲೆಕ್ಕ ಹಾಕದೆ ಹಂಚುವುದು ಹೇಗೆ? ಮೂವತ್ತೈದು ವರ್ಷ ಸರ್ಕಾರಿ ನೌಕರಿ ಮಾಡಿದ್ದೇನೆ. ರೋಸ್ಟರ್ ಇಲ್ಲದಿದ್ದರೆ ಹುದ್ದೆಗಳು ಯಾರ ಮನೆಗೆ ಹೋಗುತ್ತವೆಂದು ಬಲ್ಲೆ.

ಅಕ್ಕ: ಮಗ್ನಾಗೊ ಅವರ ತಂದೆ ಟ್ರೆಂಟೊ ಕಡೆಯವರು, ತಾಯಿ ಆಸ್ಟ್ರಿಯಾದವರು. ಅಂಥ ಮನೆಯಲ್ಲಿ ಬೆಳೆದವರೇ ಉಳಿದವರಿಗೆ ಒಂದೇ ಗುಂಪು ಆರಿಸಿಕೊಳ್ಳಿ ಎಂದರಲ್ಲ!

ಚಿಕ್ಕಪ್ಪ: ಊಟದ ಹೊತ್ತಾಯಿತು.

ಅತ್ತೆ: ಕಾಸರಗೋಡಿನ ನಮ್ಮ ಮನೆಗೆ ಜನಗಣತಿಯವರು ಬಂದಾಗ ನಾನು ಮಾತೃಭಾಷೆ ತುಳು ಎಂದು ಬರೆಸಿದೆ. ನಿಮ್ಮ ಮಾವ ಕನ್ನಡ ಎಂದರು. ಬರೆದುಕೊಂಡ ಹುಡುಗಿ ಮಲಯಾಳಿ, ಇಬ್ಬರ ಮುಖವನ್ನೂ ನೋಡಿದಳು.

ದೊಡ್ಡಪ್ಪ: ಮಕ್ಕಳದ್ದು ಏನೆಂದು ಬರೆಸಿದಿರಿ?

ಅತ್ತೆ: ಅದಕ್ಕೇ ಅಂದು ಜಗಳವಾದದ್ದು ಅಣ್ಣ.